ಅತ್ತೆಯ ಸೀಟಿಗೆ ತೂತು ಕೊರೆದದ್ದು

ಬಿಸಿಲಿಗೆ ನಿಂತ ಕಾರಿನ ಬಾಗಿಲು ತೆಗೆದರೆ ಕಾದ ಸ್ಪಂಜಿನ ಒಂದು ವಾಸನೆ ಬರುತ್ತದಲ್ಲ, ಅದಕ್ಕೆ ನನಗೆ ನಗು ಬರುತ್ತದೆ. ಮೊನ್ನೆ ಸೊಸೆ ತಾನೇ ಕಾರು ತೆಗೆದು, "ಬರ್ರಿ ಅತ್ತಿ, ನಮ್ಮವ್ವನ ಮನಿಗೆ ಹೋಗಿ ಬರೋಣು. ನೀವು ಬರಲಿಲ್ಲಂದ್ರ ಚಂದ ಕಾಣಂಗಿಲ್ಲ" ಎಂದು ಬಾಗಿಲು ಹಿಡಿದು ನಿಂತಳು. ನಾನು ಕಿಸಕ್ಕನೆ ನಕ್ಕೆ. ಮುದುಕಿಗೆ ಏನಾಯಿತೋ ಎಂದು ಅವಳು ಕಣ್ಣು ಬಿಟ್ಟಳು.

ಕಾರಣ ನಿಮಗೆ ಹೇಳುತ್ತೇನೆ. ಕಾಲುವೆ ನೀರು ಬಂದು ಎರಡು ಬೆಳೆ ಭತ್ತ ಆಗತೊಡಗಿದ ಮೇಲೆ ಕಂಪ್ಲಿಯ ನಮ್ಮ ಅಕ್ಕಿ ಗಿರಣಿಗೆ ಪುರುಸೊತ್ತೇ ಇರಲಿಲ್ಲ. ನಮ್ಮ ಮನೆಯವರು ಕಾರು ತಂದರು. ಊರೆಲ್ಲ ನನ್ನನ್ನು ಪುಣ್ಯವಂತೆ ಎಂದಿತು. ನನಗಂತೂ ಪುಣ್ಯ ಕಾಣಲಿಲ್ಲ. ಅಲ್ಲಿಯವರೆಗೆ ಬೇಕೆನಿಸಿದಾಗ ಬಸ್ಸು ಹತ್ತಿ ಕಮಲಾಪುರದ ತವರಿಗೆ ಹೋಗಿ ಬರುತ್ತಿದ್ದೆ. ಕಾರು ಬಂದದ್ದೇ ತಡ, "ಗಿರಣಿ ಸಾವ್ಕಾರ್ರ ಹೇಣ್ತಿ ಬಸ್ಸಿನಾಗ ನಿಂತು ಹೋದ್ರ ಮಂದಿ ಏನಂದಾರು?" ಎಂದು ಅತ್ತೆ ಬಸ್ಸು ಬಿಡಿಸಿದರು. ಕಾರಿನಲ್ಲಿ ಹೋಗಬೇಕೆಂದರೆ ಡ್ರೈವರ್ ಜೊತೆ ನಾನೊಬ್ಬಳೇ ಹೋಗುವಂತಿಲ್ಲ, ಅತ್ತೆಯೂ ಬರಬೇಕು. ಅತ್ತೆಗೋ ಸೀಟಿನ ಮೇಲೆ ಕೂರಲು ಆಗದು. ತವರಿನಲ್ಲಿ ತಂಗಿಯ ಬಾಣಂತನ ಮುಗಿದು, ಅವಳು ಗಂಡನ ಮನೆಗೆ ಹೊರಡುವ ದಿನ ಹತ್ತಿರ ಬಂದಿತ್ತು. ಕೂಸಿನ ಮುಖವನ್ನೇ ನಾನು ಕಂಡಿರಲಿಲ್ಲ.

ಗಿರಣಿ ಅಂಗಳದಲ್ಲಿ ಒಣಹಾಕಿದ ಭತ್ತದ ಮೇಲೆ ಜಾರಿ ಬಿದ್ದು ಅತ್ತೆ ಕುಂಡಿ ಎಲುಬಿಗೆ ಪೆಟ್ಟು ಮಾಡಿಕೊಂಡಿದ್ದರು. ದಿನಾ ಎಣ್ಣೆ ತಿಕ್ಕುವವಳು ನಾನು, ನನಗೆ ಗೊತ್ತು. ಗಂಡಸರ ಮುಂದೆ ಆ ಜಾಗದ ಹೆಸರು ಹೇಳುವುದುಂಟೆ? "ನಡಾ ನೋಯ್ತೈತಿ" ಎಂದು ಸೊಂಟ ತೋರಿಸಿದರು. ನಮ್ಮ ಮನೆಯವರು ನಡಕ್ಕೆ ದಿಂಬು ತಂದರು. ಬೆನ್ನಿಗೂ ಒಂದು ತಂದರು. ಕೊನೆಗೆ ಹೊಸಪೇಟೆಗೆ ಹೋಗಿ ಸೀಟಿಗೆ ನಾಲ್ಕು ಬೆರಳು ದಪ್ಪದ ಸ್ಪಂಜು ಹಾಕಿಸಿ, ಮೇಲೆ ಕೆಂಪು ರೆಕ್ಸಿನ್ ಹೊಲಿಸಿ ತಂದರು. ಕಾರು ಕಾಲುವೆಯ ಸೇತುವೆ ದಾಟುವುದರೊಳಗೆ "ಯವ್ವಾ ಸತ್ತೆ, ತಿರುಗಸ್ರೋ" ಎಂದು ಅತ್ತೆ ವಾಪಸು.

ಅವತ್ತು ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಕುಡುಗೋಲು ಹಿಡಿದು ಕಾರಿಗೆ ನುಗ್ಗಿದೆ. ರೆಕ್ಸಿನ್ನಿನ ಹೊಲಿಗೆ ಬಿಚ್ಚಿ, ಅತ್ತೆ ಕೂರುವ ಕಡೆ ತಂಬಿಗೆಯನ್ನು ಬೋರಲು ಹಾಕಿ, ಅದರ ಸುತ್ತ ಸ್ಪಂಜು ಕೊಯ್ದೆ. ಕೊಡ ಹೊರಲು ತಲೆಗೆ ಇಡುವ ಸಿಂಬಿಯ ಹಾಗೆ ನಡುವೆ ಬಯಲಾಯಿತು. ಅಕ್ಕಿ ಚೀಲ ಹೊಲಿಯುವ ದಬ್ಬಣದಿಂದ ಮತ್ತೆ ಹೊಲಿಯುತ್ತಿದ್ದಾಗ ಮನೆಯವರು ಎದ್ದು ಬಂದರು.

"ಏನ್ ಮಾಡಿದ್ಯಲೇ? ಹೊಸಾ ಸ್ಪಂಜು!"

"ನಿಮ್ಮವ್ವನ ನಡಕ್ಕ ಜಾಗ ಮಾಡೀನ್ರಿ."

"ನಡ ಅಲ್ಲಿರ್ತೈತೇನು?"

"ನಿಮ್ಮವ್ವನ್ನ ಕೇಳ್ರಿ."

ಹಿಂದೆ ಬಂದು ನಿಂತಿದ್ದ ಅತ್ತೆಯ ಮುಖ ರೆಕ್ಸಿನ್ನಿಗಿಂತ ಕೆಂಪಾಯಿತು. ಬಗ್ಗಿ ಕುಳಿಯನ್ನು ನೋಡಿ, ಸೀರೆ ಎತ್ತಿ ಹಿಡಿದು, ಮೆಲ್ಲಗೆ ಕೂತರು. ಒಮ್ಮೆ ಆ ಕಡೆ ಈ ಕಡೆ ಅಲುಗಿ ನೋಡಿದರು. "ಡ್ರೈವರ್‌ನ್ನ ಕರಿ. ಈಕಿ ಕೂಸು ನೋಡ್ಬೇಕಂತಲ್ಲ" ಎಂದರು.

ಕಮಲಾಪುರದಲ್ಲಿ ನಮ್ಮವ್ವ ಓಡಿ ಬಂದು, "ಒಳಗ ಬರ್ರಿ ಬೀಗ್ತಿ" ಎಂದರೆ ಅತ್ತೆ ಮಿಸುಕಲಿಲ್ಲ. "ನಿಮ್ಮನಿ ಕುರ್ಚಿಗೆ ತೂತು ಐತೇನು? ನಾ ಇಲ್ಲೇ ಆರಾಮದೀನಿ. ಚಾ ಇಲ್ಲೇ ಕಳಸ್ರಿ."

ಅತ್ತೆ ಒಳಗೆ ಬಂದಿದ್ದರೆ ನಾನು ಸೆರಗು ಹೊದ್ದು ಮೂಲೆಯಲ್ಲಿ ನಿಲ್ಲಬೇಕಿತ್ತು. ಈಗ ಕೂಸನ್ನು ಹೊಟ್ಟೆಯ ಮೇಲೆ ಹಾಕಿಕೊಂಡು, ಅವ್ವನ ನೆಲದ ಮೇಲೆ ಕಾಲು ಚಾಚಿ, ತಂಗಿಯ ಜೊತೆ ಓಣಿಗೆಲ್ಲ ಕೇಳುವಂತೆ ನಕ್ಕೆ. ಸಂಜೆಗೆ ಅತ್ತೆಗೆ ಸಾಕಾಯಿತೇನೋ ಎಂದು ಕಿಟಕಿಯಲ್ಲಿ ಇಣುಕಿದರೆ, ಅವರು ಎದುರು ಮನೆಯ ಕಲ್ಲುಕಟ್ಟೆಯ ಮೇಲೆ ನೆಟ್ಟಗೆ ಕೂತು ಎಲೆಅಡಿಕೆ ಜಗಿಯುತ್ತಿದ್ದರು. ನನ್ನನ್ನು ಕಂಡವರೇ ಸರಕ್ಕನೆ ಎದ್ದು ಕಾರು ಸೇರಿ, "ಯಪ್ಪಾ, ಎಲುಬು!" ಎಂದು ನರಳಿದರು.

ಕಾಣದವಳ ಹಾಗೆ ನಾನು ಮತ್ತೆ ಕೂಸಿನ ಹತ್ತಿರ ಹೋಗಿ ಕಾಲು ಚಾಚಿದೆ.

ಮೊನ್ನೆ ನಾನು ನಕ್ಕು ಮುಗಿಸಿದರೂ ಸೊಸೆ ಇನ್ನೂ ಬಾಗಿಲು ಹಿಡಿದು ನಿಂತೇ ಇದ್ದಳು. "ನನ್ನ ಮೊಣಕಾಲು ಹಿಡಕೊಂಡೈತಿ, ನೀ ಒಬ್ಬಾಕಿನ ಹೋಗು. ಜಲ್ದಿ ಬರಬ್ಯಾಡ" ಎಂದೆ. ಕಾರು ಓಣಿಯ ತಿರುವು ದಾಟಿದ ಮೇಲೆ ಹಪ್ಪಳದ ಬುಟ್ಟಿ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತಿದೆ.