ಮಾಖೋಜಾಳ ಕರಿ ಬಟ್ಟೆ

ಗಂಡನನ್ನು ಮಣ್ಣು ಮಾಡಿದ ಎಂಟನೇ ದಿನ ಮಾಖೋಜಾ ಅಡಿಯಿಂದ ಮುಡಿಯವರೆಗೆ ಕರಿ ಬಟ್ಟೆ ತೊಟ್ಟು ಕೆಲಸಕ್ಕೆ ಬಂದಳು. ಡರ್ಬನ್ನಿನ ಕಡಲ ದಂಡೆಯ ಹೋಟೆಲೊಂದರಲ್ಲಿ ನಾವಿಬ್ಬರೂ ಹನ್ನೊಂದು ವರ್ಷದಿಂದ ಬೆಳಗಿನ ತಿಂಡಿ ಬಡಿಸುತ್ತಿದ್ದೆವು. ನಮ್ಮ ಕರಿಯ ಜನರಲ್ಲಿ ಗಂಡ ಸತ್ತವಳು ವರ್ಷವಿಡೀ ಕರಿ ತೊಡಬೇಕು, ಎಲ್ಲರ ಹಿಂದೆ ಕೂರಬೇಕು, ದನಿ ಎತ್ತಬಾರದು. ಹೆಂಡತಿ ಸತ್ತವನಿಗೆ ಮೂರು ತಿಂಗಳು ತೋಳಿಗೊಂದು ಕರಿ ಪಟ್ಟಿ ಕಟ್ಟಿದರೆ ಮುಗಿಯಿತು. ಈ ಕಟ್ಟಳೆ ಮಾಡಿದವರ ಬಾಯಿಗೆ ಮಣ್ಣು ಹಾಕ!

ಮ್ಯಾನೇಜರ್ ಅವಳನ್ನು ಬಾಗಿಲಲ್ಲೇ ತಡೆದ. "ಈ ವೇಷದಲ್ಲಿ ಬಡಿಸಿದ್ರೆ ಗಿರಾಕಿಗಳಿಗೆ ತಿಂಡಿ ಸೇರುತ್ತಾ? ಬಟ್ಟೆ ಬದಲಾಯಿಸು, ಇಲ್ಲಾ ಮನೆಗೆ ಹೋಗು."

ಬದಲಾಯಿಸಿದ್ದರೆ ಅತ್ತೆ ಅವಳನ್ನೂ ಮೂರು ಮಕ್ಕಳನ್ನೂ ಮನೆಯಿಂದ ಆಚೆ ಹಾಕುತ್ತಿದ್ದಳು. ಬದಲಾಯಿಸಲಿಲ್ಲ, ಕೆಲಸ ಹೋಯಿತು. ಕೆಲಸ ವಾಪಸ್ ಕೇಳೋಣ, ದೂರು ಕೊಡೋಣ ಎಂದು ಎಳೆದುಕೊಂಡು ಹೋದವಳು ನಾನೇ. "ನಂಗೆ ಸಾಕಾಗಿದೆ ಕಣೇ" ಎನ್ನುತ್ತಲೇ ಬಂದಳು. ಕಾರ್ಮಿಕ ಕಚೇರಿಯವರು ನಾಲ್ಕು ಸಲ ಅಲೆಸಿದ ಮೇಲೆ ವಿಚಾರಣೆಗೆ ಕರೆದರು.

"ಕರಿಯಳು ಅಂತ ತೆಗೆದ್ರೋ, ಹೆಂಗಸು ಅಂತ ತೆಗೆದ್ರೋ? ಯಾವುದಾದ್ರೂ ಒಂದು ಹೇಳಮ್ಮ," ಎಂದ ಅಧಿಕಾರಿ.

ಹೋಟೆಲಿನ ವಕೀಲ ಎದ್ದ. "ಎರಡೂ ಅಲ್ಲ ಸರ್. ಅಡುಗೆಮನೆಯ ನ್ಕೊಸಿನಾತಿ ಕರಿಯನೇ. ಹೆಂಡತಿ ಸತ್ತಾಗ ಪಟ್ಟಿ ಕಟ್ಕೊಂಡೇ ದುಡಿದ, ಯಾರೂ ತೆಗೀಲಿಲ್ಲ. ಕೌಂಟರಿನ ಬಿಳಿ ಹೆಂಗಸಿನ ಗಂಡನೂ ತೀರ್ಕೊಂಡ. ಹದಿನೈದು ದಿನ ರಜೆ ಮುಗಿಸಿ ಅವರೂ ಬಂದ್ರು."

ಮಾಖೋಜಾ ನೆಲ ನೋಡುತ್ತಾ ಮೆಲ್ಲಗೆ ಅಂದಳು, "ಅವನು ಗಂಡಸು, ಉಳ್ಕೊಂಡ. ಅವರು ಬಿಳಿಯವರು, ಉಳ್ಕೊಂಡ್ರು. ನಾನು ಗಂಡಸೂ ಅಲ್ಲ, ಬಿಳಿಯಳೂ ಅಲ್ಲ ಸ್ವಾಮಿ."

ಪಕ್ಕದಲ್ಲಿದ್ದ ನನಗೊಬ್ಬಳಿಗೇ ಅದು ಕೇಳಿಸಿದ್ದು. ಮೇಜಿನಾಚೆಯಿಂದ ಅಧಿಕಾರಿ, "ಜೋರಾಗಿ ಹೇಳಮ್ಮ" ಎಂದ. ಅವಳು ಅದನ್ನೇ, ಅಷ್ಟೇ ಮೆಲ್ಲಗೆ, ಇನ್ನೊಮ್ಮೆ ಹೇಳಿದಳು.

"ಅಕ್ಕ, ಕೂಗಿ ಹೇಳಕ್ಕ!" ಎಂದು ತಿವಿದೆ.

"ಕರಿ ತೊಟ್ಕೊಂಡು ಹೆಂಗೆ ಕೂಗ್ಲೇ?"

ನಾನೇ ಹೇಳಲು ಎದ್ದರೆ ಅಧಿಕಾರಿ ಗದರಿದ. "ದೂರು ನಿಂದಲ್ಲ, ಕೂತ್ಕೋ." ಕೂತೆ. ನನ್ನ ಕೆಲಸದ ಭಯ ನನಗೆ.

ಎರಡು ತಿಂಗಳಿಗೆ ತೀರ್ಪಿನ ಕಾಗದ ಬಂತು. ಅವಳ ಹೊಸ್ತಿಲ ಮೇಲೆ ಕೂತು ನಾನೇ ಓದಿದೆ: ಪದೇ ಪದೇ ಕೇಳಿದರೂ ದೂರುದಾರಳು ಉತ್ತರ ಕೊಡಲಿಲ್ಲ, ದೂರು ವಜಾ.

"ಎರಡು ಸಲ ಹೇಳಿದ್ನಲ್ಲೇ," ಎಂದಳು ಮಾಖೋಜಾ. "ನಿಂಗೆ ಕೇಳಿಸ್ತು ತಾನೆ?"