ದ್ರಾಕ್ಷಿ ಚಪ್ಪರದ ಕವಣೆ

ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನ ಹಿಂದೆ ಕಟ್ಟಿದ ಡ್ರಮ್ಮು ದಾರಿಯಲ್ಲೇ ಸಿಡಿಯಬಹುದಿತ್ತು. ಸಿಡಿಯದಿದ್ದರೆ ಬಸ್ಸು ಏರಿನಲ್ಲಿ ಕೆಟ್ಟು ನಿಂತು ನಾವು ಬಿಸಿಲಿಗೆ ಬೇಯಬಹುದಿತ್ತು. ಉಳಿದುಕೊಳ್ಳುವ ಕೋಣೆಯ ತಗಡಿನ ಸಂದಿಯಿಂದ ಚೇಳು ಬೀಳಬಹುದಿತ್ತು, ಚಪ್ಪರದ ಬಳ್ಳಿಯಿಂದ ಹಾವು. ಬಾವಿಯ ನೀರಿಗೆ ವಾಂತಿಭೇದಿ ಹತ್ತಬಹುದಿತ್ತು. ರಾಯಚೂರಿನ ಮನೆಯ ಬೀಗವನ್ನು ಕಳ್ಳರು ಒಡೆಯಬಹುದಿತ್ತು. ನಾನೇ ಬೀಗ ಹಾಕದೆ ಬಂದಿರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಡತಿಯ ಜ್ವರ ಮರುಕಳಿಸಬಹುದಿತ್ತು.

ಇವನ್ನೆಲ್ಲ ನಾನು ಬಸ್ಸಿನಲ್ಲಿ ಕೂತು ಬೆರಳು ಮಡಚಿ ಎಣಿಸಿದ್ದೆ. ಈಗ ತಲೆ ನರೆತಿದೆ, ಎಣಿಸುವ ಚಟ ಬಿಟ್ಟಿಲ್ಲ. ಆಗ ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ನಾನು ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಹಿಂದಿನ ವರ್ಷ ನಮ್ಮ ಕೂಸು ಹುಟ್ಟುತ್ತಲೇ ಹೋಗಿತ್ತು. ಅಲ್ಲಿಂದ ಹೆಂಡತಿಗೆ ಬಿಟ್ಟು ಬಿಟ್ಟು ಜ್ವರ. ಮಾತು ನಿಂತೇ ಹೋಗಿತ್ತು. ಹಕೀಮರು ದ್ರಾಕ್ಷಿ ರಸ, ತೋಟದ ಗಾಳಿ, ವಿಶ್ರಾಂತಿ ಎಂದರು.

ಮಾನ್ವಿ ರಸ್ತೆಯ ಆ ಹೋಟೆಲೆಂದರೆ ಎರಡು ಕೋಣೆ, ಒಂದು ಪಡಸಾಲೆ. ಮುಂದೆ ದ್ರಾಕ್ಷಿಯ ಚಪ್ಪರ, ಹಿಂದೆ ನಿಂಬೆ ಗಿಡಗಳು. ನಡೆಸುತ್ತಿದ್ದವಳು ಒಬ್ಬ ವಿಧವೆ. ಬಂದ ಗಿರಾಕಿಗಳೆಲ್ಲ ಆಕೆಯನ್ನು ಯವ್ವಾ ಎಂದೇ ಕರೆಯುತ್ತಿದ್ದರು. ವಿಶ್ರಾಂತಿಯ ಮಾತು ಮೊದಲ ಬೆಳಗಿಗೇ ಮುಗಿಯಿತು. ಬೆಳಕು ಹರಿಯುವ ಮುನ್ನ ತಗಡಿನ ಡಬ್ಬಿ ಬಡಿಯುವ ಸದ್ದಿಗೆ ಎದ್ದು ಹೊರಗೆ ಬಂದರೆ ಆಕೆ ಕಾವಲಿನ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತ ಗಿಳಿಗಳ ವಂಶವನ್ನೆಲ್ಲ ಬೈಯುತ್ತಿದ್ದಳು. ಚಪ್ಪರದ ಕಂಬಗಳಿಗೆ ಸತ್ತ ಗಿಳಿಗಳನ್ನು ತಲೆಕೆಳಗಾಗಿ ಕಟ್ಟಿದ್ದಳು, ಉಳಿದವು ನೋಡಿ ಹೆದರಲೆಂದು. ಕೊಕ್ಕಿನಿಂದ ಇಳಿದ ರಕ್ತ ಕಂಬದ ಮೇಲೆ ಒಣಗಿತ್ತು.

"ಇಲ್ಲಿ ಶಾಂತಿ ಸಿಗತದ ಅಂದಿದ್ರು," ಎಂದೆ.

"ಗಿಳಿಗೋಳನ್ನ ಕೇಳ್ರಿ ಸಾಹೇಬ್ರ. ಅವಕ್ಕೂ ಅದ ಬೇಕಾಗ್ಯದ."

ನಾನು ಕಲ್ಲು ಕನ್ನಡಕಕ್ಕೆ ತಾಗುತ್ತದೆಂದು ಛತ್ರಿ ಬಿಚ್ಚಿಕೊಂಡು ಕೂತೆ. ಹೆಂಡತಿ ಮಾತ್ರ ಅಟ್ಟದ ಕೆಳಗೆ ನಿಂತು ನೋಡಿದಳು. ಮೂರನೆಯ ದಿನ, "ಯವ್ವಾ, ನನಗೂ ಒಂದು ಕೊಡ್ರಿ," ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ಕೇಳಿದ್ದು ಅದೊಂದೇ, ಅದೂ ಕವಣೆ. ಮೊದಲ ಕಲ್ಲುಗಳು ಬಾವಿಗೆ, ತಗಡಿಗೆ, ಒಮ್ಮೆ ಎಮ್ಮೆಗೆ ಹೋದವು. ಆಮೇಲೆ ಒಂದು ಗಿಳಿ ದೊಪ್ಪನೆ ಬಿತ್ತು. ಅದನ್ನು ಎತ್ತಿಕೊಂಡವಳ ಅಂಗೈಗೆ ರಕ್ತ ಹತ್ತಿತು. ಅವಳು ಬಹಳ ಹೊತ್ತು ಅದನ್ನೇ ನೋಡಿ, ತಾನೇ ಗಿಳಿಯ ಕಾಲಿಗೆ ದಾರ ಬಿಗಿದು ಕಂಬಕ್ಕೆ ಕಟ್ಟಿದಳು. ಅವತ್ತು ಎರಡು ರೊಟ್ಟಿ ತಿಂದಳು. ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಬೇಲಿಯ ಪಕ್ಕ ತೊಡೆಗಾತ್ರದ ಒಂದು ಬಳ್ಳಿಯಿತ್ತು. ಆಕೆಯ ಗಂಡ ನೆಟ್ಟದ್ದು, ಚಪ್ಪರದ ಹೆಚ್ಚಿನ ಹಣ್ಣು ಅದರದೇ. ದೇವದುರ್ಗದಲ್ಲಿದ್ದ ಆಕೆಯ ಮೈದುನನ ಕಣ್ಣು ತೋಟದ ಮೇಲೆ. ಬಳ್ಳಿ ಹೋದರೆ ಆದಾಯ ಹೋಗುತ್ತದೆ, ಆದಾಯ ಹೋದರೆ ಆಕೆ ತೋಟ ಬಿಟ್ಟು ಹೋಗುತ್ತಾಳೆ ಎಂಬುದು ಅವನ ಎಣಿಕೆ. ಹಣ್ಣನ್ನು ರಾಯಚೂರು ಸ್ಟೇಷನ್ನಿಗೆ ಒಯ್ಯುವ ಬಂಡಿಗಳು ಬರುವ ದಿನ ಗೊತ್ತಾಗಿತ್ತು. ಅವನು ಅದರ ಹಿಂದಿನ ಮಧ್ಯಾಹ್ನವೇ ಕೊಡಲಿ ಹಿಡಿದು ಬಂದ, ಜತೆಗೆ ಇಬ್ಬರು ಆಳುಗಳು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಟ್ಟದ ಮೇಲೆ ನನ್ನ ಹೆಂಡತಿ.

"ಅತ್ತಿಗಿ, ಇವತ್ತು ಬಳ್ಳಿ ಹೋಗತದ, ನಾಳಿ ನೀ ಹೋಗ್ತಿ!"

ಆಕೆ ಉರಿಯುವ ಕೊಳ್ಳಿಯನ್ನೇ ಹಿಡಿದು ಹೊರಗೆ ಬಂದಳು. "ನಿಮ್ಮಣ್ಣ ನೆಟ್ಟಿದ್ದು ಅದು, ಲೇ. ಮುಟ್ಟಿ ನೋಡು."

"ನಮ್ಮಣ್ಣನ್ನ ನುಂಗಿದಾಕಿ! ಮಕ್ಕಳಿಲ್ಲದ ಬಂಜಿಗೆ ತ್ವಾಟ ಯಾಕ?"

ಕೊಡಲಿ ಬಿತ್ತು, ಬಳ್ಳಿಯ ತೊಗಟೆ ಸೀಳಿತು. ಆಕೆ ಕೊಳ್ಳಿಯನ್ನು ಅವನ ಮೀನಖಂಡಕ್ಕೆ ಒತ್ತಿದಳು. ಸುಟ್ಟ ಚರ್ಮದ ವಾಸನೆ ಪಡಸಾಲೆಯಲ್ಲಿದ್ದ ನನ್ನವರೆಗೂ ಬಂತು. ಅವನು ಕಿರುಚಿ, ಆಕೆಯ ಹೊಟ್ಟೆಗೆ ಒದ್ದ. ಬಿದ್ದವಳು ತೆವಳಿ ಹೋಗಿ ಬಳ್ಳಿಯ ಬುಡವನ್ನು ತಬ್ಬಿಕೊಂಡಳು. ಆಳೊಬ್ಬ ಕೂದಲು ಹಿಡಿದು ಎಳೆದ, ಆಕೆ ಬಿಡಲಿಲ್ಲ. ಬಾಯಿಂದ ರಕ್ತ ಸುರಿಯುತ್ತಿತ್ತು.

"ಕೈ ತೆಗಿ. ಇಲ್ಲಂದ್ರ ಕೈನೂ ಬಳ್ಳಿನೂ ಒಂದ ಏಟಿಗೆ!"

ಅವನು ಕೊಡಲಿ ಎತ್ತಿದ. ಮೇಲಿನಿಂದ ಸುಂಯ್ ಎಂದು ಸದ್ದು ಬಂತು. ಒಣಗಿದ ಕಟ್ಟಿಗೆ ಮುರಿದಂತೆ ಅವನ ಮಣಿಕಟ್ಟು ಮುರಿಯಿತು. ಕೊಡಲಿ ಕೆಳಗೆ ಬಿತ್ತು, ಅಲಗು ಮೇಲಾಗಿ.

ಆ ಗದ್ದಲದಲ್ಲಿ ನನಗೆ ಕಂಡದ್ದು ಆ ಅಲಗು. ಯಾರಾದರೂ ತುಳಿದು ಕಾಲು ಕೊಯ್ದುಕೊಂಡಾರು ಎನಿಸಿತು. ಎತ್ತಿ ಗೋಡೆಗೆ ಒರಗಿಸೋಣವೆಂದು ಓಡಿಹೋಗಿ ಬಗ್ಗಿದೆ. ಎರಡನೆಯ ಕಲ್ಲು ಮೈದುನನಿಗೆಂದು ಹೊರಟದ್ದು, ನಡುವೆ ನನ್ನ ಮುಖ ಸಿಕ್ಕಿತು. ಮೂರನೆಯದು ಅವನ ಕಿವಿ ಹರಿಯಿತು. ಆಳುಗಳು ಆಕೆಯನ್ನು ಬಿಟ್ಟು ಅವನನ್ನು ಎಳೆದುಕೊಂಡು ದೇವದುರ್ಗದ ದಾರಿ ಹಿಡಿದರು. ಬೇಲಿ ದಾಟುವವರೆಗೂ ಅವರ ಬೆನ್ನಿಗೆ ಕಲ್ಲು ಬೀಳುತ್ತಲೇ ಇತ್ತು.

ಹೆಂಡತಿ ಅಟ್ಟದಿಂದ ಇಳಿದು ಬಂದಳು. ಉಸಿರು ಏರಿತ್ತು, ಕಣ್ಣು ಕೆಂಪಾಗಿದ್ದವು.

"ನಡುವ ಬಂದು ಬಗ್ರಿ ಅಂತ ಯಾರ ಹೇಳಿದ್ರು ನಿಮಗ?"

"ಕೊಡ್ಲಿ... ಯಾರಿಗಾರ ಹತ್ತೀತು ಅಂತ..."

ನೆಲದ ಮೇಲಿದ್ದ ಯವ್ವ ಒಡೆದ ತುಟಿಯಲ್ಲೇ ನಕ್ಕಳು. "ನಿನ್ನ ಗಂಡಗ ಕವಣಿ ಕಲಿಸಬ್ಯಾಡ ತಂಗಿ. ಕಲ್ಲಿಗೆ ನೋವಾದೀತು ಅಂತಾನ."

ಅವರಿಬ್ಬರೂ ಸೇರಿ ಬಳ್ಳಿಯ ಗಾಯಕ್ಕೆ ಸಗಣಿ, ಕೆಮ್ಮಣ್ಣು ಮೆತ್ತಿ ಗೋಣಿತಟ್ಟು ಸುತ್ತಿದರು. ಮರುದಿನ ಬಂಡಿಗಳು ಹಣ್ಣು ಹೇರಿಕೊಂಡು ಹೋದವು. ಬಳ್ಳಿ ಬದುಕಿತು, ಮುಂದಿನ ಬೇಸಿಗೆಯಲ್ಲೂ ನಾವು ಅದರ ಹಣ್ಣು ತಿಂದೆವು.

ಊರಿಗೆ ಮರಳುವಾಗ ಡ್ರಮ್ಮು ಸಿಡಿಯಲಿಲ್ಲ. ಬಾಗಿಲಿಗೆ ಬೀಗವಿತ್ತು. ಚೇಳು, ಹಾವು, ವಾಂತಿಭೇದಿ ಯಾವುದೂ ಬರಲಿಲ್ಲ, ಜ್ವರವೂ ಮತ್ತೆ ಬರಲಿಲ್ಲ. ಬಸ್ಸಿನಲ್ಲಿ ಹೆಂಡತಿ ದಾರಿಯುದ್ದಕ್ಕೂ ಮಾತಾಡಿದಳು. ಅವಳು ತೋರಿಸಿದ ಹೊಲ, ಹಕ್ಕಿಗಳನ್ನೆಲ್ಲ ನಾನು ಒಂದೇ ಕಣ್ಣಿನಿಂದ ನೋಡುತ್ತ ಬಂದೆ. ಕನ್ನಡಕದ ಎಡಗಾಜು ಒಡೆದಿತ್ತು.