ಕಂಬಳಿಯ ಮೇಲಿನ ಮಾತು

ದೊಡ್ಡಬೀರಪ್ಪನ ಕಂಬಳಿಯ ಮೇಲೆ ನಿಂತು ಸುಳ್ಳು ಹೇಳಿದವರು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಕುರುಬರ ಹಟ್ಟಿಗಳಿಗೆಲ್ಲ ಅವನೇ ಹಿರಿಯ. ಜಗಳ ಬಂದರೆ ಕರಿಕಂಬಳಿ ಹಾಸಿ, ದೇವರ ಭಂಡಾರದ ಅರಿಶಿನ ಚೆಲ್ಲಿ, ಈಗ ಹೇಳು ಎನ್ನುತ್ತಿದ್ದ. ಅಲ್ಲಿ ಆಡಿದ ಮಾತಿಗೆ ಯಾರೂ ತಪ್ಪುತ್ತಿರಲಿಲ್ಲ. ಇಂಥವನನ್ನು ಹೆಂಚು ತೋರಿಸಿ ಕೊಂಡುಕೊಂಡರಲ್ಲ ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಐವತ್ತೇಳರ ಚುನಾವಣೆಯ ಸಮಯ. ಮರದ ವ್ಯಾಪಾರದ ಒಂದು ಕಂಪನಿಯ ಏಜೆಂಟ್ ರಾಜಪ್ಪ ಜೀಪಿನಲ್ಲಿ ಬಂದ. ಹುಲ್ಲು ಹೊದಿಸಿದ್ದ ಬೀರದೇವರ ಗುಡಿ ನೋಡಿ ಲೊಚಗುಟ್ಟಿದ. ವಾರ ಕಳೆಯುವುದರೊಳಗೆ ಮಂಗಳೂರು ಹೆಂಚು, ಸಾಗುವಾನಿ ತೊಲೆ ಬಂದಿಳಿದವು. ತಮ್ಮ ಕಡೆಯ ಅಭ್ಯರ್ಥಿಗೆ ವೋಟು ಹಾಕುತ್ತೇವೆಂದು ಹಟ್ಟಿಯವರಿಂದ ಕಂಬಳಿಯ ಮೇಲೆ ಮಾತು ತೆಗೆದುಕೊಡಿ, ಬೇರೇನೂ ಬೇಡ ಎಂದ ರಾಜಪ್ಪ.

ದೊಡ್ಡಬೀರಪ್ಪನ ಹೆಂಡತಿ ಹಾಲಮ್ಮನಿಗೆ ಅನುಮಾನ ಬಂತು. "ಕಂಪನಿಗೆ ವೋಟಿಲ್ಲ. ವೋಟಿಲ್ದೋರು ಇಷ್ಟ್ಯಾಕೆ ಓಡಾಡ್ತಾರ್ರೀ? ಅವ್ರಿಗೇನು ಬೇಕಂತ ಕೇಳ್ರಿ."

ದೇವರ ಮನೆಗೆ ಬಂದದ್ದನ್ನು ಹಾಗೆಲ್ಲ ಕೇಳಬಾರದು ಎಂದು ಅವಳ ಬಾಯಿ ಮುಚ್ಚಿಸಿದ. ಕುರಿ ಕೊಳ್ಳುವಾಗ ಹಲ್ಲು ಹಿಡಿದು ನೋಡುವ ಮನುಷ್ಯ, ಆ ಅಭ್ಯರ್ಥಿಯ ಮುಖವನ್ನೂ ನೋಡದೆ ಕಂಬಳಿ ಹಾಸಿದ. ಗಂಡಸರು ಹೆಂಗಸರು ಸಾಲಾಗಿ ಬಂದು ಮಾತು ಕೊಟ್ಟರು.

ಆಗೆಲ್ಲ ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಮರೆಯೊಳಗೆ ಯಾವುದಕ್ಕೆ ಚೀಟಿ ಹಾಕಿದರೂ ಕೇಳುವವರಿಲ್ಲ. ಬೇರೆ ಊರಿನ ಜಾಣರು ಒಬ್ಬನ ಮನೆಯಲ್ಲಿ ಉಂಡು ಇನ್ನೊಬ್ಬನ ಪೆಟ್ಟಿಗೆಗೆ ಹಾಕಿ ನಗುತ್ತಾ ಬಂದರು. ನಮ್ಮವರು ಮಾತು ಕೊಟ್ಟ ಪೆಟ್ಟಿಗೆಗೇ ಹಾಕಿದರು. ರಾಜಪ್ಪನ ಕಡೆಯ ಅಭ್ಯರ್ಥಿ ಗೆದ್ದ.

ಮಳೆಗಾಲ ಮುಗಿಯುತ್ತಲೇ ಹಟ್ಟಿಯ ಬೆನ್ನಿಗಿದ್ದ ಕಾನುಕಾಡು ಕಡಿಯುವ ಗುತ್ತಿಗೆ ಕಂಪನಿಗೆ ಸಿಕ್ಕಿತು. ಅಜ್ಜಂದಿರ ಕಾಲದಿಂದ ಕುರಿ ಮೇಯಿಸಿದ್ದ ಜಾಗಕ್ಕೆ ತಂತಿ ಬೇಲಿ ಬಂತು, ಕಾವಲುಗಾರರು ಬಂದರು. ಒಳಗೆ ನುಗ್ಗಿದವೆಂದು ಹಟ್ಟಿಯ ಗುಡ್ಡಪ್ಪನ ಕುರಿಗಳನ್ನು ದೊಡ್ಡಿಗೆ ಹೊಡೆದರು. ದೊಡ್ಡಬೀರಪ್ಪ ಗೆದ್ದವನ ಮನೆಗೆ ಹೋಗಿ ಕೈಮುಗಿದು ನಿಂತ.

ಆ ಪುಣ್ಯಾತ್ಮ ಮುಚ್ಚುಮರೆಯಿಲ್ಲದೆ ಹೇಳಿದ: "ನನ್ನ ಎಲೆಕ್ಷನ್ ಖರ್ಚೆಲ್ಲ ಕಂಪನೀದು, ಗೌಡ್ರೇ. ಬೇಲಿ ತೆಗೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ಗುಡಿಗೆ ಹೆಂಚು ಬಂದದ್ದನ್ನೂ ನೆನಪಿಸಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ದೊಡ್ಡಬೀರಪ್ಪ ಗುಡಿಯೊಳಕ್ಕೆ ಕಾಲಿಡಲಿಲ್ಲ. ಜಗಳ ತಂದವರನ್ನು ಏನಾದರೂ ನೆವ ಹೇಳಿ ಹಿಂದಕ್ಕೆ ಕಳಿಸುತ್ತಿದ್ದ. ಹಟ್ಟಿಯಲ್ಲಿ ಒಬ್ಬರಾದರೂ ಬೈದಿದ್ದರೆ ಹಗುರಾಗುತ್ತಿದ್ದನೋ ಏನೋ. ಯಾರೂ ಬೈಯಲಿಲ್ಲ, ಎದುರಾದರೆ ಮೊದಲಿನಂತೆಯೇ ಕೈಮುಗಿಯುತ್ತಿದ್ದರು. ಅದೇ ಅವನನ್ನು ತಿಂದುಹಾಕಿತು.

ಒಂದು ಬೆಳಿಗ್ಗೆ ಗುಡ್ಡಪ್ಪ ಬಂದ. ಉಳಿದ ಕುರಿ ಮಾರಿಕೊಂಡು, ಅದೇ ಕಂಪನಿಯಲ್ಲಿ ಮರ ಕಡಿಯುವ ಕೂಲಿಗೆ ಹೊರಟಿದ್ದ. ಹೆಗಲ ಮೇಲೆ ಕೊಡಲಿ ಇತ್ತು.

"ಬೈದುಬಿಡೋ ಗುಡ್ಡಪ್ಪ," ಎಂದ ದೊಡ್ಡಬೀರಪ್ಪ.

"ನಿಮ್ಗ್ಯಾಕೆ ಬೈಲಿ ಗೌಡ್ರ. ಒಂದು ಮಾತು ಕೇಳಾಕ ಬಂದೆ. ಕಂಬಳಿ ಮ್ಯಾಲೆ ಕೊಟ್ಟ ಮಾತು ಈ ಸಲಕ್ಕೆ ತೀರಿತೋ, ಇಲ್ಲಾ ಮುಂದಿನ ಸಲಾನೂ ಅವ್ರಿಗೇ ಹಾಕಬೇಕೋ?"

ಗುಡ್ಡಪ್ಪ ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದ.